ತುಂಬಿ ಹೊರಟ ಕಪಾಟು

ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಹಿತುಕುತ್ತ ಅಡುಗೆಮನೆಯಲ್ಲಿ ಕೂತಿದ್ದೆ. ಪಾತ್ರೆಯಲ್ಲಿ ಅರ್ಧ ಬೇಳೆ, ಅರ್ಧ ಕಾಳು. ಫೋನ್ ಬಡಿದುಕೊಂಡಿತು. ಒದ್ದೆ ಕೈಯಲ್ಲೇ ಎತ್ತಿದೆ. ಯಜಮಾನರು.

"ಟೆಂಪೋ ಸಿಕ್ಕೈತೆ. ಇವತ್ತೇ ಸಾಮಾನು ಸಾಗಿಸ್ಬಿಡಾನ. ಮಧ್ಯಾನ್ಕೆ ಬತ್ತದೆ, ರೆಡಿ ಇರು."

"ಇವತ್ತು ಮಂಗಳವಾರ ಕಣ್ರೀ."

"ಸಾಮಾನಿಗೆ ವಾರ ಏನೇ? ಅಕ್ಕನೇ ಏಳಿದ್ದು. ಅವಳೂ ಅದ್ರಾಗೇ ಬತ್ತಾವ್ಳೆ."

ಅಕ್ಕ ಎಂದರೆ ಅವರ ಅಕ್ಕ, ಕ್ಯಾಸಂಬಳ್ಳಿಯವರು. ಅವರೂರಿನ ತರಕಾರಿ ಟೆಂಪೋ ನಾವಿದ್ದ ಕೆಜಿಎಫ್‌ನಲ್ಲಿ ಲೋಡು ಇಳಿಸಿ ಬಂಗಾರಪೇಟೆಗೆ ಖಾಲಿ ಹೋಗುತ್ತಿತ್ತಂತೆ. ಇವರಿಗೆ ಕೆಲಸ ಬೆಂಗಳೂರು ಕಡೆಗೆ ಬದಲಾಗಿದ್ದರಿಂದ ರೈಲಿಗೆ ಹತ್ತಿರವಾಗಲಿ ಎಂದು ಬಂಗಾರಪೇಟೆಯಲ್ಲಿ ಮನೆ ಹಿಡಿದಿದ್ದೆವು. ಗುರುವಾರ ಹೊರಡುವುದೆಂದು ಒಳ್ಳೆಯ ಹೊತ್ತು ಕೇಳಿ ಗೊತ್ತು ಮಾಡಿದ್ದು ನಾನು. ನನ್ನನ್ನು ಕೇಳದೆ ಅದನ್ನು ಬದಲಾಯಿಸಿದ್ದು ಅವರಿಬ್ಬರು. ಕೋಪ ಅಲ್ಲಿಂದಲೇ ಶುರುವಾಯಿತು.

ಬುಧವಾರವನ್ನು ನಾನು ಪೂರ್ತಿ ಅಡುಗೆಮನೆಯ ಕಪಾಟಿಗೆಂದೇ ಇಟ್ಟುಕೊಂಡಿದ್ದೆ. ಬೇತಮಂಗಲದ ನಮ್ಮ ತೋಟದಲ್ಲಿ ಹಲಸಿನ ಮರ ಬಿದ್ದಾಗ ಅಪ್ಪ ಆಚಾರಿಯನ್ನು ಮನೆಗೇ ಕರೆಸಿ, ಎದುರಿಗೆ ಕೂತು ಮಾಡಿಸಿ ನನ್ನ ಮದುವೆಗೆ ಕೊಟ್ಟ ಕಪಾಟು ಅದು. ಅಪ್ಪ ಈಗಿಲ್ಲ. ಮೇಲಿನ ಗೂಡಿನಲ್ಲಿ ನಮ್ಮ ದೇವರು, ಕೆಳಗೆ ದಿನಸಿ. ಈ ಬಾಡಿಗೆ ಮನೆಗಳಲ್ಲಿ ಬೇರೆ ದೇವರಮನೆ ಎಲ್ಲಿಂದ ಬರಬೇಕು? ಆ ಗೂಡೇ ನಮ್ಮ ದೇವಸ್ಥಾನ.

ಅವರೆಕಾಳಿನ ಪಾತ್ರೆಗೆ ತಟ್ಟೆ ಮುಚ್ಚಿ ಎದ್ದೆ. ದೇವರ ಪಟಗಳನ್ನು ಕೈಮುಗಿದು ಇಳಿಸಿ ಶಾಲಿನಲ್ಲಿ ಸುತ್ತಿದೆ. ಡಬ್ಬ, ಜಾಡಿ, ರಾಗಿಮೂಟೆ ಎಲ್ಲವನ್ನೂ ಹೊರಗೆ ತೆಗೆದೆ. ಕೆಳಗಿನ ದಿನಸಿಯ ಹಲಗೆಗಳನ್ನು ಕಳಚಿ ಹಳೆಯ ಸೀರೆಯಲ್ಲಿ ಒಂದೊಂದಾಗಿ ಸುತ್ತಿಟ್ಟೆ. ಬಾಗಿಲು ತೆರೆದುಕೊಳ್ಳದಂತೆ ಪಂಚೆ ಹರಿದು ಕಟ್ಟಿದೆ. ಗಮ್ ಟೇಪ್ ಹಾಕಿದರೆ ಕೀಳುವಾಗ ಪಾಲಿಶ್ ಎದ್ದು ಬರುತ್ತದೆ. ಹಗ್ಗ ಕೂರುವ ಮೂಲೆಗಳಿಗೆಂದು ಎರಡು ಕೌದಿಯನ್ನು ಮಡಿಸಿ ಪಕ್ಕದಲ್ಲಿಟ್ಟೆ. ಕಪಾಟು ಬರಿದಾಗಿ ಹೊಸಿಲು ದಾಟಬಾರದು ಎನ್ನುವುದು ನಮ್ಮಲ್ಲಿ ರೂಢಿ. ಅದಕ್ಕೆ ಒಂದು ಹಿಡಿ ರಾಗಿಯನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ ಮೇಲಿನ ಗೂಡಿನಲ್ಲಿಟ್ಟೆ. ಶಾಸ್ತ್ರ ಮುಗಿಯಿತು. ಅಷ್ಟು ಸಾಕು.

ಯಜಮಾನರೂ ಅವರಕ್ಕನೂ ಟೆಂಪೋದಲ್ಲಿ ಬಂದು ಇಳಿಯುವುದಕ್ಕೂ ಬೀದಿಯ ನಲ್ಲಿಯಲ್ಲಿ ನೀರು ಬರುವುದಕ್ಕೂ ಸರಿಹೋಯಿತು. ಬಿಟ್ಟುಹೋಗುವ ಮನೆಯಲ್ಲಿ ಒಂದು ಬಿಂದಿಗೆ ನೀರು ತುಂಬಿಟ್ಟು ಹೊರಡಬೇಕು. ಬಿಂದಿಗೆ ಎತ್ತಿಕೊಂಡು ಸಾಲಿನಲ್ಲಿ ನಿಂತೆ. "ಕಪಾಟು ನಾನು ಬರೋಗಂಟ ಮುಟ್ಬೇಡ್ರೀ" ಎಂದು ಯಜಮಾನರಿಗೆ ಎರಡು ಸಲ ಹೇಳಿ ಹೋಗಿದ್ದೆ.

ನೀರು ತರುವಷ್ಟರಲ್ಲಿ ಕಪಾಟು ಟೆಂಪೋ ಏರಿತ್ತು. ನೈಲಾನ್ ಹಗ್ಗ ನೇರವಾಗಿ ಮರದ ಮೇಲೆ ಬಿಗಿದಿತ್ತು. ಕೌದಿಗಳು ಟಿವಿಯ ಕೆಳಗೆ ಹಾಸಿಗೆಯಾಗಿದ್ದವು. ರಾಗಿಮೂಟೆ ಎಲ್ಲೂ ಕಾಣಲಿಲ್ಲ.

"ಮೂಟೆ ಎಲ್ಲಿ?"

"ಒಳ್ಗಡೇನೇ ಐತೆ," ಎಂದರು ಅವರಕ್ಕ. "ಒಂದಿಡಿ ರಾಗಿ ಇಕ್ಕಿ ಲಕ್ಷ್ಮಿ ಕಳಿಸ್ತಾರೇನೇ ಯಾರಾನಾ? ತುಂಬಿ ಓಗ್ಬೇಕು. ಉಪ್ಪಿನ ಜಾಡಿ, ಕುಟ್ಟೋ ಕಲ್ಲು ಎಲ್ಲಾ ಒಳಗೇ ಇಕ್ಸಿದೀನಿ."

"ಜಾಗಾನೂ ಉಳೀತು," ಎಂದರು ಯಜಮಾನರು.

ಮಂಗಳವಾರ ಎಂದಾಗ ಇಲ್ಲದ ಶಾಸ್ತ್ರ ಈಗ ಎಲ್ಲಿಂದ ಬಂತು? ಇಳಿಸಿ, ಖಾಲಿ ಮಾಡಿ ಎಂದೆ. ಡ್ರೈವರ್ ಗಾಡಿ ಶುರು ಮಾಡಿಯೇ ಬಿಟ್ಟ. "ಸೀಕ್ರಂ, ಬೇಗ ಅತ್ತಕ್ಕಾ, ಪೇಟೆಲಿ ಲೋಡ್ ಕಾಯ್ತಾ ಐತೆ." ನೀರಿನ ಬಿಂದಿಗೆಯನ್ನು ಒಳಗಿಟ್ಟು ಬಂದು, ದೇವರನ್ನು ಮಡಿಲಲ್ಲಿಟ್ಟುಕೊಂಡು, ಅವರೆಕಾಳಿನ ಪಾತ್ರೆಯನ್ನು ಕಾಲಡಿ ಇಟ್ಟುಕೊಂಡು ಮುಂದೆ ಕೂತೆ. ದಾರಿಯಲ್ಲಿ ಒಂದೊಂದು ಹಂಪು ಬಂದಾಗಲೂ ಹಿಂದೆ ಕುಟ್ಟೋ ಕಲ್ಲು ದಡ್ ಎನ್ನುತ್ತಿತ್ತು. ಪ್ರತಿ ಸಲವೂ ದೇವರ ಹೆಸರು ಹೇಳಿಕೊಂಡೆ. ಯಜಮಾನರ ಮುಖ ನೋಡಲಿಲ್ಲ.

ಬಂಗಾರಪೇಟೆಯ ಮನೆಯ ಮುಂದೆ ಯಜಮಾನರೂ ಡ್ರೈವರೂ ಕಪಾಟನ್ನು ಎರಡು ಕಡೆ ಹಿಡಿದು ಎತ್ತಿದರು. ಎತ್ತಿದ್ದು ಕಪಾಟನ್ನು ಮಾತ್ರ. ಅದರ ತಳ ಟೆಂಪೋದಲ್ಲೇ ಉಳಿಯಿತು. ಮೂಟೆ ಬಾಯಿ ಬಿಚ್ಚಿ ರಾಗಿ ಬಾಗಿಲವರೆಗೆ ಹರಿಯಿತು. ಜಾಡಿ ಒಡೆದು ಉಪ್ಪೆಲ್ಲ ಅದರ ಜೊತೆ ಸೇರಿತು. ಗಾಬರಿಯಲ್ಲಿ ಇವರು ಕೈಬಿಟ್ಟರು, ಕಪಾಟಿನ ಹಿಂಗಾಲೊಂದು ಸೀಳಿಹೋಯಿತು. ಯಾರ ಪಾದದ ಮೇಲೂ ಕಲ್ಲು ಬೀಳಲಿಲ್ಲ, ಅದು ದೇವರ ದಯೆ. ಅದನ್ನು ನಾನು ಆಗಲೇ ಲೆಕ್ಕಕ್ಕೆ ತೆಗೆದುಕೊಂಡೆ. ಆದರೂ ಕೋಪ ಇಳಿಯಲಿಲ್ಲ.

"ಯಾರ ಕಣ್ಣು ಬಿತ್ತೋ," ಎಂದು ಅವರಕ್ಕ ನೆಟಿಕೆ ಮುರಿದರು.

"ಕಣ್ಣಲ್ಲ ಅಕ್ಕಾ. ರಾಗಿಮೂಟೆ."

"ನಿಮ್ ಮನೆ ತುಂಬಿರ್ಲಿ ಅಂತ ಮಾಡ್ದೆ ಕಣೇ."

"ಒಂದಿಡಿ ಆಕಿದ್ನಲ್ಲ. ದೇವ್ರೇನು ತಕ್ಕಡಿ ಇಡ್ಕೊಂಡು ಕೂತವ್ನಾ?"

ಅವರು ಸೆರಗು ಬಾಯಿಗಿಟ್ಟುಕೊಂಡರು. ಯಜಮಾನರು ಸಮಾಧಾನಕ್ಕೆ ಬಂದರು. "ಓಗ್ಲಿ ಬಿಡೇ, ಅಳೇ ಮರ. ಪ್ಲೈವುಡ್ದು ಒಸಾದು ಆಕ್ಸಾನ. ಇವತ್ತೊಂದಿನ ದೇವ್ರನ್ನ ಆ ಸ್ಟವ್ ಪಕ್ಕ ಕಲ್ಮೇಲೆ ಇಟ್ಬಿಡು."

ಇಷ್ಟು ವರ್ಷದಲ್ಲಿ ಅವರ ಎದುರು ನಾನು ದನಿ ಎತ್ತಿದ್ದು ಕಡಿಮೆ. ಅವತ್ತು ಎತ್ತಲೂ ಇಲ್ಲ. "ಒಗ್ಗರಣೆ ಸಿಡಿಯೋ ಜಾಗದಾಗೆ ನಾನು ದೇವ್ರನ್ನ ಕೂರ್ಸಲ್ಲ. ಸಂಜೆ ದೀಪಕ್ಕೆ ಈ ಕಪಾಟು ನಿಂತಿರ್ಬೇಕು. ನಿಲ್ಸೋಗಂಟ ಈ ಮನೇಲಿ ಆಲು ಉಕ್ಸಲ್ಲ, ಒಲೆ ಅಚ್ಚಲ್ಲ. ನಿಮ್ಮಕ್ಕಂಗೂ ಏಳ್ಬಿಡಿ," ಎಂದು ದೇವರ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹೊಸಿಲ ಪಕ್ಕ ಕೂತೆ.

ಮೊದಲು ಕದಲಿದವನು ಲೋಡಿನ ಅವಸರದಲ್ಲಿದ್ದ ಡ್ರೈವರ್. "ಅಣ್ಣಾ, ಇಟ್ಟಿಗೆ ತಾ. ಈ ಅಕ್ಕ ಮೇಲೇಳೋ ಆಗಿಲ್ಲ." ಹಗ್ಗ ತಿಂದಿದ್ದ ಎರಡು ಅಂಚೂ ಬೆಳ್ಳಗೆ ತರಚಿಹೋಗಿತ್ತು. ಕೆಳಗಿನ ಬಾಗಿಲು ಕೀಲು ಕಿತ್ತು ನೇತಾಡುತ್ತಿತ್ತು. ಮೇಲಿನ ಗೂಡು ಮಾತ್ರ ಅಪ್ಪ ಕೊಟ್ಟ ದಿನದ ಹಾಗೇ ಇತ್ತು. ನೇತಾಡುತ್ತಿದ್ದ ಬಾಗಿಲನ್ನು ತೆಗೆಸಿದೆ. ಈ ಸಲ ಕೆಳಗಿನ ಚೌಕಟ್ಟನ್ನು ಹಿಡಿದೇ ಎತ್ತಿಸಿದೆ. ಸೀಳಿದ ಕಾಲಿನ ಕಡೆ ಇಟ್ಟಿಗೆ ಕೊಟ್ಟು, ಅದರ ಮೇಲೆ ಕೌದಿಯ ಮಡಿಕೆ ಇಟ್ಟು, ಗೋಡೆಗೆ ಒರಗಿಸಿ ನಿಲ್ಲಿಸಿದರು. ಯಜಮಾನರು ಕೈಯಿಂದ ಅಲುಗಾಡಿಸಿ ನೋಡಿದರು. ಅಲುಗಲಿಲ್ಲ.

ಗೂಡು ತೆರೆದೆ. ನಾನು ಕಟ್ಟಿಟ್ಟ ಅರಿಶಿನದ ಗಂಟು ಹಾಗೇ ಇತ್ತು. ಒಂದು ಕಾಳೂ ಚೆಲ್ಲಿರಲಿಲ್ಲ. ಅವರಕ್ಕನಿಗೆ ಕಾಣುವ ಹಾಗೆ ಅದನ್ನು ದೇವರ ಮುಂದಿಟ್ಟೆ. ದೀಪ ಹಚ್ಚಿದೆ. ಹಾಲು ಉಕ್ಕಿಸಿದೆ. ಕೈಮುಗಿದು ನಿಂತಾಗ, ನಿನಗೆ ಕೂರಲು ಜಾಗ ಉಳಿಸಿಕೊಂಡೆಯಲ್ಲ, ಅಷ್ಟು ಸಾಕು ಸ್ವಾಮಿ ಎಂದೆ. ಮಿಕ್ಕವರ ವಿಷಯ ನಿನಗೂ ಗೊತ್ತು, ನನಗೂ ಗೊತ್ತು ಎಂದೂ ಹೇಳಿದೆ.

ಅಂಗಳದಲ್ಲಿ ಅವರಕ್ಕ ಮೊರ ಹಿಡಿದು ರಾಗಿಯಿಂದ ಉಪ್ಪು ಬೇರೆ ಮಾಡುತ್ತ ಕೂತಿದ್ದರು. ಯಜಮಾನರು ಜಾಡಿಯ ಚೂರು ಆರಿಸುತ್ತಿದ್ದರು. "ಕಾಪಿ ಕೊಡ್ತೀಯೇನೇ?" ಎಂದು ಅಲ್ಲಿಂದಲೇ ಕೇಳಿದರು.

"ಆಲು ಒಲೆ ಮೇಲೈತೆ, ಕಾಸ್ಕೊಳ್ರಿ," ಎಂದೆ. ಕಾಲು ಚಾಚಿ ಕೂತು, ಅವರೆಕಾಳಿನ ಪಾತ್ರೆಯ ತಟ್ಟೆ ತೆಗೆದು, ಉಳಿದ ಅರ್ಧವನ್ನು ಹಿತುಕತೊಡಗಿದೆ.