ಸಿಪ್ಕೆ ಬರೆದ ಸಾವಿನ ಕೇಕು

ನಮ್ಮ ಫ್ರಾನೆಕರ್ ಊರಿನ ಸಿಪ್ಕೆ ಡೈಕ್‌ಸ್ಟ್ರಾನ ಕಸುಬೇನೆಂದು ಅವನ ಹೆಂಡತಿಗೇ ಹನ್ನೆರಡು ವರ್ಷ ಅರ್ಥವಾಗಿರಲಿಲ್ಲ. ಯಾರಾದರೂ ಸರ್ಚ್ ಎಂಜಿನ್ನಿನಲ್ಲಿ ಬಡಗಿ ಬೇಕೆಂದು ಹುಡುಕಿದರೆ, ಇವನನ್ನು ಗೊತ್ತುಮಾಡಿಕೊಂಡ ಬಡಗಿಯೇ ಮೊದಲು ಕಾಣಬೇಕು. ಅದಕ್ಕೆ ತಕ್ಕಂತೆ ವೆಬ್‌ಸೈಟನ್ನು ತಿದ್ದಿ ಬರೆಯುವುದು ಅವನ ಕೆಲಸ. ಸರ್ಚ್ ಎಂಜಿನ್ನಿನ ಕಣ್ಣಿಗೆ ಬೀಳಲೆಂದು ಒಂದೇ ಮಾತನ್ನು ಎಂಟು ಸಲ ಬರೆದೂ ಬರೆದೂ ಬಾಯಿಯೂ ಹಾಗೇ ಆಗಿಹೋಗಿತ್ತು. ಹುಟ್ಟುಹಬ್ಬದ ಮನೆಯಲ್ಲಿ ಎಲ್ಲರೂ ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದರೆ ಇವನು, "ಕಾಫಿ ಚೆನ್ನಾಗಿದೆ, ಫ್ರಾನೆಕರ್‌ನಲ್ಲೇ ಒಳ್ಳೆ ಕಾಫಿ, ಮನೇಲಿ ಮಾಡಿದ ಒಳ್ಳೆ ಕಾಫಿ" ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಸರ್ಚ್ ಎಂಜಿನ್ನೇ ವರಸೆ ಬದಲಿಸಿತು. ಕೇಳಿದ್ದಕ್ಕೆಲ್ಲ ತಾನೇ ಉತ್ತರ ಬರೆದು ಮೇಲೆ ಇಡತೊಡಗಿತು. ಜನ ಅದನ್ನಷ್ಟೇ ಓದಿ ಫೋನು ಜೇಬಿಗಿಳಿಸಿದರು. ಸಿಪ್ಕೆಯ ಪುಟ ತೆರೆಯುವವರು ಯಾರು? ಬಡಗಿ ಬಿಟ್ಟ, ಹಲ್ಲಿನ ಡಾಕ್ಟರು ಬಿಟ್ಟರು, ದೋಣಿ ಬಾಡಿಗೆಯವನೂ ಬಿಟ್ಟ. ಕೊನೆಗೆ ಉಳಿದದ್ದು ಅವನ ಜೊತೆ ಶಾಲೆ ಓದಿದ ಯೆಲ್ಚೆಯ ಬೇಕರಿ ಒಂದೇ. ಅವಳೂ ಕೈಬಿಟ್ಟರೆ ಐವತ್ತೆಂಟನೇ ವಯಸ್ಸಿಗೆ ಅವನು ಮನೆಯಲ್ಲಿ ಕೂತು ಹೆಂಡತಿಯ ಬಾಯಿಗೆ ಬೀಳಬೇಕಿತ್ತು.

ಒಂದು ಮಂಗಳವಾರ ಯೆಲ್ಚೆ ಅವನನ್ನು ಅಂಗಡಿಗೆ ಕರೆಸಿದಳು. ಬ್ರೆಡ್ಡಿಗೆಂದು ಹೋದ ನಾನು, ಸುಳ್ಳೇಕೆ, ಬೇಕೆಂದೇ ಅಲ್ಲಿ ನಿಂತೆ.

"ಮುಂದಿನ ತಿಂಗಳಿಂದ ನೀನು ಬೇಡ ಕಣೋ," ಎಂದಳು ಯೆಲ್ಚೆ. ಅವಳು ಸುತ್ತಿ ಬಳಸಿ ಮಾತಾಡುವವಳಲ್ಲ. "ಹೋದ ತಿಂಗಳು ಪೇಜು ನೋಡಿದ್ದು ಮೂರೇ ಜನ. ಅದ್ರಲ್ಲಿ ಒಬ್ಳು ನಾನು."

"ಇನ್ನಿಬ್ರು ನಾನೂ ನನ್ನ ಹೆಂಡ್ತೀನೂ," ಎಂದ ಸಿಪ್ಕೆ, ಪಾಪ. "ಆದ್ರೂ ನಿನ್ನ ಅಂಗ್ಡಿ ತುಂಬಿದೆಯಲ್ಲೇ!"

"ಅದು ನಿನ್ನಿಂದ ಅಲ್ಲ. ಅವ್ರೆಲ್ಲ ಸಾವಿನ ಮನೆಯೋರು. ಎಲ್ರಿಗೂ ಕಿತ್ತಳೆ ಕೇಕೇ ಬೇಕಂತೆ."

ನಮ್ಮಲ್ಲಿ ಮಣ್ಣು ಮಾಡಿ ಬಂದವರಿಗೆ ಕಾಫಿ, ಜೊತೆಗೆ ಒಂದೇ ಒಂದು ತುಂಡು ಬೋಳು ಕೇಕು. ಕಿತ್ತಳೆ ಸಿಪ್ಪೆ ಬೆರೆಸಿ, ಮೇಲೆ ಗುಲಾಬಿ ಬಣ್ಣ ಬಳಿದು ಕ್ರೀಮು ಸುತ್ತಿದ ಕಿತ್ತಳೆ ಕೇಕು ಮದುವೆಯ ತಿಂಡಿ. ಯೆಲ್ಚೆ ತನ್ನ ಫೋನು ತೋರಿಸಿದಳು. 'ಸಾವಿನ ಮನೆಯಲ್ಲಿ ಕಿತ್ತಳೆ ಕೇಕು ಹಂಚುವುದು ಇಲ್ಲಿಯ ಹಳೆಯ ಪದ್ಧತಿ' ಎಂದು ಸರ್ಚ್ ಎಂಜಿನ್ ಗಂಭೀರವಾಗಿ ಹೇಳುತ್ತಿತ್ತು.

ಸಿಪ್ಕೆಯ ಮುಖ ಅರಳಿತು. "ಅಯ್ಯೋ, ಅದು ನಂದೇ ಕಣೇ! ಏಳು ವರ್ಷದ ಹಿಂದೆ ನಿನ್ನ ಪೇಜಿಗೆ ಇಪ್ಪತ್ತು ಪ್ರಶ್ನೆ-ಉತ್ತರ ಹಾಕ್ಬೇಕಿತ್ತು. ಹತ್ತೊಂಬತ್ತಕ್ಕೇ ನನ್ನ ತಲೆ ಖಾಲಿ. 'ಸಾವಿನ ಮನೆಗೆ ಕಿತ್ತಳೆ ಕೇಕು ಕೊಡಬಹುದೇ?' ಅಂತ ಒಂದು ಗೀಚಿ, ಹಳೇ ಪದ್ಧತಿ ಅಂತ ಉತ್ತರಾನೂ ಹೊಸೆದೆ. ಜನ ಓದ್ದೇ ಇದ್ರೇನು, ಸರ್ಚ್ ಎಂಜಿನ್ ಓದಿದೆ! ಎಲ್ಲಿ ಸತ್ತಿದೆ ನನ್ನ ಕಸುಬು?"

ಯೆಲ್ಚೆ ನಗಲಿಲ್ಲ. ಕೈಲಿದ್ದ ಇಕ್ಕಳವನ್ನು ಮೆಲ್ಲಗೆ ಕೆಳಗಿಟ್ಟಳು. "ಫೆಬ್ರವರಿಲಿ ನಮ್ಮಮ್ಮ ಹೋದ್ಲಲ್ಲ. ನಮ್ಮಣ್ಣ ಇದನ್ನೇ ತೋರಿಸಿ, ಬೇಕರಿಯೋಳಾಗಿ ಇಷ್ಟೂ ಗೊತ್ತಿಲ್ವಾ ಅಂದ. ನಾಚ್ಕೆಯಾಯ್ತು. ರಾತ್ರಿಯೆಲ್ಲ ಕೂತು ನಲವತ್ತು ಕೇಕಿಗೆ ಗುಲಾಬಿ ಬಳಿದೆ."

ನನಗೆ ನೆನಪಾಯಿತು. ಆ ತಾಯಿ ದೇವರ ದಿನವೆಂದು ಭಾನುವಾರ ಸೈಕಲ್ಲನ್ನೂ ಮುಟ್ಟದ ಕಟ್ಟುನಿಟ್ಟಿನ ಹೆಂಗಸು. ಅಂಥವಳ ಸಾವಿಗೆ ಇಡೀ ಚರ್ಚಿನವರು ಕಪ್ಪು ಕೋಟು ತೊಟ್ಟು ಮೂಗಿಗೆ ಕ್ರೀಮು ಮೆತ್ತಿಕೊಂಡು ಕೂತಿದ್ದೆವು. ಪಾದ್ರಿಯಂತೂ ಎರಡನೇ ತುಂಡು ಕೇಳಿದ್ದರು. ನಮ್ಮೂರಲ್ಲಿ ಎರಡನೇ ತುಂಡು ಕೇಳಿದವರನ್ನು ನಾನು ಕಂಡದ್ದು ಅದೇ ಮೊದಲು.

ಸಿಪ್ಕೆಯ ಬಣ್ಣವೇ ಇಳಿದುಹೋಯಿತು. ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡೆನೆಂದು ಅವನಿಗೆ ಖಾತ್ರಿಯಾಗಿರಬೇಕು. "ತಪ್ಪಾಯ್ತು ಯೆಲ್ಚೆ. ಇವತ್ತೇ ಅಳಿಸಿಬಿಡ್ತೀನಿ," ಎಂದ. ಈ ಕಸುಬು ಹಿಡಿದ ಹತ್ತೊಂಬತ್ತು ವರ್ಷದಲ್ಲಿ ಅವನು ಮಾತನ್ನು ಒಂದೇ ಸಲ ಹೇಳಿ ಸುಮ್ಮನಾದದ್ದನ್ನು ನಾನು ಕೇಳಿರಲಿಲ್ಲ.

"ಮುಟ್ಟಿದ್ರೆ ನೋಡು!" ಯೆಲ್ಚೆಯ ಕಣ್ಣು ತುಂಬಿತ್ತು. "ಅದನ್ನ ಅಳಿಸಿದ್ರೆ ನಮ್ಮಮ್ಮನಿಗೆ ನಾನು ಮಾಡಿದ್ದು ತಪ್ಪು ಅಂತಾಗಲ್ವೇನೋ? ಇನ್ನೂ ಹತ್ತು ಕಡೆ ಬರಿ. ನಮ್ಮಜ್ಜಿ ಕಾಲದಿಂದ್ಲೂ ಇತ್ತು ಅಂತ ಬರಿ. ಬರೀತಾ ಇರೋವರೆಗೂ ನಿನ್ನ ಕೆಲ್ಸದಿಂದ ತೆಗೆಯಲ್ಲ."