ವಿಭೂತಿಯಲ್ಲಿ ತಿಕ್ಕಿದ ಚಾಂದಿ ಪಾಯಿಂಟು

ಉಮರ್ಗಾದ ಪೇಟೆಯಲ್ಲಿ ನಮ್ಮ ಮನೆತನದ ಅರಿವೆ ಅಂಗಡಿ ಇದ್ದ ಜಾಗದಲ್ಲಿ ಈಗ ಮೋಟಾರ್ ಸ್ಟಾರ್ಟರ್‌ಗಳ ರಿಪೇರಿ ನಡೆಯುತ್ತದೆ. ಸೀರೆ ಹರವಿ ತೋರಿಸುತ್ತಿದ್ದ ಅದೇ ಕಟ್ಟೆಯ ಮೇಲೆ ನನ್ನ ಮೈದುನನ ಮಗಳು ಮೀಟರು, ಇಕ್ಕಳ, ತಂತಿಯ ಸುರುಳಿ ಹರವಿಕೊಂಡು ಕೂರುತ್ತಾಳೆ. ನಿಲಂಗಾದ ಐಟಿಐನಲ್ಲಿ ಎಲೆಕ್ಟ್ರಿಶಿಯನ್ ಕೋರ್ಸ್ ಮುಗಿಸಿದವಳು. ಅಂಗಡಿಯ ಬೀಗದ ಕೈ ಅವಳ ಕೈಗಿಟ್ಟವಳು ನಾನೇ. ಮನೆಯಲ್ಲಿ ಎರಡು ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಮೈದುನನೇ ಬಂದು ಬೋರ್ಡಿಗೆ ಮೊಳೆ ಹೊಡೆದ.

ಗಿರಾಕಿಗಳನ್ನು ನಂಬಿಸುವುದು ಮಾತ್ರ ಮೊಳೆ ಹೊಡೆದಷ್ಟು ಸುಲಭವಿರಲಿಲ್ಲ. ಗುಂಜೋಟಿಯಿಂದ ಸ್ಟಾರ್ಟರ್ ಹೊತ್ತು ತಂದ ಒಬ್ಬರು ಒಳಗೆಲ್ಲ ಇಣುಕಿ ನೋಡಿ, ಮೆಕ್ಯಾನಿಕ್ ಎಲ್ಲಿ ಹೋಗ್ಯಾನ ಎಂದು ಕೇಳಿದರು. ಇವಳು ಬಸಿಯಲ್ಲಿ ಸುರುವಿಕೊಂಡಿದ್ದ ಚಹಾ ಕೆಳಗಿಡಲೂ ಇಲ್ಲ.

"ಮೆಕ್ಯಾನಿಕ್ ಚಹಾ ಕುಡ್ಯಾಕತ್ತಾಳ್ರಿ ಕಾಕಾ. ಕೂಡ್ರಿ, ನಿಮಗೂ ತರಸ್ತಾಳ."

ಅವರು ಕೂತರು. ಆದರೆ ಎಲ್ಲರೂ ಕೂರುವುದಿಲ್ಲವಲ್ಲ. ಎಷ್ಟೋ ಜನ ಹೊತ್ತು ತಂದದ್ದನ್ನು ಹಾಗೇ ಹೊತ್ತುಕೊಂಡು ಮುಂದಿನ ಅಂಗಡಿಗೆ ಹೋಗುತ್ತಿದ್ದರು.

ನಾನು ಪೂಜೆ, ಪೇಪರು ಮುಗಿಸಿ ಹನ್ನೊಂದರ ಸುಮಾರಿಗೆ ಅವಳ ಹತ್ತಿರ ಹೋಗಿ ಕೂರುತ್ತಿದ್ದೆ. ಫ್ರ್ಯಾಂಕ್ಲಿ, ಅದು ಅವಳಿಗೆ ಜೊತೆಯಾಗಲೆಂದು ಅಲ್ಲ, ನನ್ನ ಆಸೆಗೆ. ಸೋಲಾಪುರದ ಕಾನ್ವೆಂಟಿನಲ್ಲಿ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್, "ಸಿಲ್ವರ್ ಈಸ್ ದ ಬೆಸ್ಟ್ ಕಂಡಕ್ಟರ್, ಗರ್ಲ್ಸ್" ಎಂದು ಹೇಳಿ ತಮ್ಮ ಕೊರಳಿನ ಸಣ್ಣ ಬೆಳ್ಳಿ ಶಿಲುಬೆಯನ್ನೇ ತಂತಿಗಳ ನಡುವೆ ಇಟ್ಟು ಬಲ್ಬು ಹೊತ್ತಿಸಿ ತೋರಿಸಿದ್ದರು. ನಾನು ಬಿ.ಎಸ್ಸಿ. ಮಾಡುವವಳಿದ್ದೆ. ಅಷ್ಟರಲ್ಲಿ ಅರಿವೆ ವ್ಯಾಪಾರದವರ ಮನೆಯಿಂದ ಸಂಬಂಧ ಬಂತು, ಡೀಸೆಂಟ್ ಫ್ಯಾಮಿಲಿ ಎಂದು ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಆ ಬಲ್ಬು ಮಾತ್ರ ತಲೆಯೊಳಗೆ ಎಲ್ಲೋ ಹತ್ತಿಕೊಂಡೇ ಉಳಿದಿತ್ತು.

ಸ್ಟಾರ್ಟರಿನೊಳಗೆ ಬೆಳ್ಳಿ ಇರುತ್ತದೆಂದು ಗೊತ್ತಾದಾಗ ನನಗಾದ ಖುಷಿ ಅವಳಿಗೆ ವಿಚಿತ್ರ ಅನ್ನಿಸಿತು. ಹಸಿರು ಬಟನ್ ಒತ್ತಿದರೆ ಒಳಗಿನ ಕಾಯಿಲ್ ಒಂದು ಪಟ್ಟಿಯನ್ನು ಎಳೆಯುತ್ತದೆ, ಪಟ್ಟಿಗೆ ಬೆಸೆದ ಬೆಳ್ಳಿಯ ತುಣುಕುಗಳು ಎದುರಿನ ಬೆಳ್ಳಿಯ ತುಣುಕುಗಳಿಗೆ ಖಟ್ಟನೆ ತಾಗುತ್ತವೆ, ಕರೆಂಟು ಮೋಟಾರಿಗೆ ಹರಿಯುತ್ತದೆ. ಆ ತುಣುಕುಗಳನ್ನೇ ಪೇಟೆಯಲ್ಲಿ ಚಾಂದಿ ಪಾಯಿಂಟ್ ಎನ್ನುತ್ತಾರೆ. ಬರೀ ಬೆಳ್ಳಿಯಾದರೆ ಕಿಡಿ ಹಾರಿದಾಗ ಒಂದಕ್ಕೊಂದು ಕರಗಿ ಅಂಟಿಕೊಳ್ಳುತ್ತವಂತೆ, ಅದಕ್ಕೇ ಅದರಲ್ಲಿ ತವರದ ಆಕ್ಸೈಡ್ ಬೆರೆಸಿರುತ್ತಾರಂತೆ. ಬಳಸಿದಂತೆ ಮುಖ ಕಪ್ಪಾಗುತ್ತದೆ. ಕೆಲವು ಮೆಕ್ಯಾನಿಕ್‌ಗಳು ಅದನ್ನು ಅರ ಹಾಕಿ, ಪಾಲಿಶ್ ಪೇಪರ್ ಹಾಕಿ ಉಜ್ಜುತ್ತಾರೆ, ಹಾಗೆ ಮಾಡಬಾರದು, ಕಪ್ಪು ಕರೆಂಟನ್ನು ತಡೆಯುವುದಿಲ್ಲ ಎಂದೂ ಹೇಳಿದ್ದಳು. ಇದನ್ನೆಲ್ಲ ನಾನು ಕಿವಿಗೊಟ್ಟು ಕೇಳಿದ್ದೆ. ಅದಕ್ಕೇ ನನ್ನ ತಪ್ಪಿಗೆ ನೆಪವಿಲ್ಲ.

ಉದಗೀರಿನ ಒಂದು ದಾಲ್ ಮಿಲ್ಲಿನಿಂದ ಕೆಲಸ ಬಂದದ್ದು ಆಮೇಲೆ. ಅಲ್ಲಿ ಐದು ದೊಡ್ಡ ಸ್ಟಾರ್ಟರ್‌ಗಳಿದ್ದವು. ಮೊದಲು ಒಂದನ್ನು ಮಾಡಿಕೊಡು, ಚೆನ್ನಾಗಿ ನಡೆದರೆ ಐದರ ಕೆಲಸವೂ ವರ್ಷವಿಡೀ ನಿನ್ನದೇ ಎಂದು ಸಾವಕಾರರು ಹೇಳಿ ಕಳಿಸಿದ್ದರು. ಆ ಮಿಲ್ಲಿನ ಕೆಲಸ ಸಿಕ್ಕರೆ ಈ ಹುಡುಗಿಗೆ ಮೆಕ್ಯಾನಿಕ್ ಎಲ್ಲಿ ಎಂದು ಇನ್ನು ಯಾರೂ ಕೇಳುವುದಿಲ್ಲ. ಕೈತಪ್ಪಿ ಹೋದರೆ, ಉಮರ್ಗಾದಿಂದ ಜಳಕೋಟದವರೆಗೂ ಸುದ್ದಿ ಹಬ್ಬುತ್ತದೆ.

ಅವಳು ಪಾಯಿಂಟುಗಳನ್ನೆಲ್ಲ ಬಿಚ್ಚಿ ಸ್ಟೀಲ್ ತಾಟಿನಲ್ಲಿ ಸಾಲಾಗಿ ಇಟ್ಟಳು. ಇನ್ನೂ ಗಟ್ಟಿ ಇವೆ, ಕಾಯಿಲ್ ಒಂದು ಹೊಸದು ಬೇಕು ಎಂದು ಅದನ್ನು ತರಲು ನಿಲಂಗಾಕ್ಕೆ ಹೋದಳು.

ನಮ್ಮ ಮನೆಯಲ್ಲಿ ಒಡೆದ ವಿಭೂತಿ ಗಟ್ಟಿಯ ಚೂರುಗಳನ್ನು ಎಸೆಯುವುದಿಲ್ಲ. ಒಂದು ಡಬ್ಬಿಯಲ್ಲಿ ಕೂಡಿಟ್ಟು, ಲಿಂಗದ ಕರಡಿಗೆ, ಆರತಿ, ಬೆಳ್ಳಿ ಬಟ್ಟಲು ಬೆಳಗಲು ಬಳಸುತ್ತೇವೆ. ಬೆರಳಿಗೆ ನೀರು ಮುಟ್ಟಿಸಿ, ಚಿಟಿಕೆ ವಿಭೂತಿ ತೆಗೆದುಕೊಂಡು ಹೆಬ್ಬೆರಳಲ್ಲಿ ಸುತ್ತಿ ಸುತ್ತಿ ತಿಕ್ಕಬೇಕು, ಅತ್ತೆ ಕಲಿಸಿದ್ದು. ಅಂದು ಕರಡಿಗೆ ಬೆಳಗಿ ಕೈ ಇನ್ನೂ ಒದ್ದೆಯಿರುವಾಗಲೇ ಅಂಗಡಿಗೆ ಹೋದೆ. ತಾಟಿನಲ್ಲಿ ಆ ಕಪ್ಪು ಮುಖಗಳು. ಉದಗೀರಿನಂಥ ಊರಿಗೆ, ಅಷ್ಟು ದೊಡ್ಡವರ ಮಿಲ್ಲಿಗೆ, ಇವು ಈ ಮುಖ ಹೊತ್ತು ಹೋಗಬೇಕೇ ಅನ್ನಿಸಿತು. ಅರ ಬೇಡ ಎಂದಿದ್ದಳು, ಪಾಲಿಶ್ ಪೇಪರ್ ಬೇಡ ಎಂದಿದ್ದಳು. ವಿಭೂತಿ ಬೇಡ ಎಂದಿರಲಿಲ್ಲ. ನಾನು ಡಬ್ಬಿ ತಂದು ಕೂತೆ. ಹತ್ತು ನಿಮಿಷದಲ್ಲಿ ಎಲ್ಲವೂ ಹುಣ್ಣಿಮೆಯಾದವು.

ಮಧ್ಯಾಹ್ನ ಬಂದವಳೇ ತಾಟು ನೋಡಿ ನಿಂತಳು.

"ದೊಡ್ಡವ್ವ, ಇವಕ್ಕ ನೀ ಏನರ ಮಾಡಿದ್ಯಾ?"

ಆ ದನಿ ಕೇಳಿ ನನ್ನ ಉತ್ಸಾಹ ಅಲ್ಲೇ ಇಳಿಯಿತು. ಬರೀ ಅರಿವೆಯಿಂದ ಒರೆಸಿದೆ ಎಂದೆ. ಎಪ್ಪತ್ತು ದಾಟಿದ ನಾನು, ಮಾರಲ್ ಸೈನ್ಸ್‌ನಲ್ಲಿ ಪ್ರೈಜ್ ತಗೊಂಡವಳು, ಹಾಗೆ ಹೇಳಿದೆ. ಮಿಲ್ಲಿನ ಟೆಂಪೋ ಹೊರಗೆ ಹಾರ್ನ್ ಹೊಡೆಯುತ್ತಿತ್ತು. ದೊಡ್ಡವ್ವ ಹೇಳಿದ ಮೇಲೆ ಆಯಿತು ಎಂದು ಅವಳು ಜೋಡಿಸಿ ಕಳಿಸಿಬಿಟ್ಟಳು.

ಮೂರನೆಯ ದಿನ ಫೋನ್ ಬಂತು. ಮೋಟಾರು ಅರ್ಧ ಗಂಟೆ ಓಡಿ ನಿಲ್ಲುತ್ತದಂತೆ, ಒಂದು ಕಡೆಯ ತಂತಿ ಕೈ ಇಡಲಾಗದಷ್ಟು ಕಾಯುತ್ತದಂತೆ. ನಿನ್ನ ಸಾಮಾನು ಬಿಚ್ಚಿಕೊಂಡು ಹೋಗು, ಬೇರೆಯವರನ್ನು ಕರೆಸುತ್ತೇನೆ ಎಂದರಂತೆ ಸಾವಕಾರರು. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅವಳು ನೋಟುಬುಕ್ಕು ತೆಗೆದು ತಾನು ಎಲ್ಲಿ ತಪ್ಪಿದೆ ಎಂದು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಹುಡುಕಿದಳು. ಸ್ಪ್ರಿಂಗೇ ಸಡಿಲಾಗಿರಬೇಕು ಎಂದಳು. ನಾನೂ ಬರುತ್ತೇನೆ ಎಂದೆ.

ಉದಗೀರಿಗೆ ಹೊರಟ ಎಸ್.ಟಿ. ಬಸ್ಸು ನಿಲಂಗಾದ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತಿತು. ಯಾವಾಗಲೂ ಅಲ್ಲಿ ಐಟಿಐ ಕಡೆಯ ರಸ್ತೆ ತೋರಿಸಿ ಏನಾದರೊಂದು ಹೇಳುವವಳು, ಅಂದು ಆ ಕಡೆ ಮುಖ ಮಾಡಲಿಲ್ಲ.

"ಇವತ್ತ ಹಿಂಗೇ ಆಯ್ತಂದ್ರ, ಕೀಲಿಕೈ ನಿಂಗ ವಾಪಸ್ ಕೊಡ್ತೀನಿ ದೊಡ್ಡವ್ವ. ನಂಗ ಇನ್ನಾ ಬರಲ್ಲ ಈ ಕೆಲಸ."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ, ಕಂಡಕ್ಟರ್ ಗಂಟೆ ಹೊಡೆದ. ಆನೆಸ್ಟ್ಲಿ, ಗಂಟೆಯದೇನೂ ತಪ್ಪಿರಲಿಲ್ಲ.

ಮಿಲ್ಲಿನಲ್ಲಿ ತೊಗರಿಯ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಐವತ್ತರ ಆಸುಪಾಸಿನ ಸಾವಕಾರರು ಹಣೆಯ ಮೇಲೆ ಮೂರೆಳೆ ವಿಭೂತಿ ಧರಿಸಿ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನನಗೆ ಕುರ್ಚಿ ತರಿಸಿದರು, ಅವಳಿಗೆ ತರಿಸಲಿಲ್ಲ. ಅವಳು ಮೇನ್ ಬಂದ್ ಮಾಡಿ, ಮುಚ್ಚಳ ತೆಗೆದು ಪಾಯಿಂಟನ್ನು ಬೆಳಕಿಗೆ ಹಿಡಿದಳು. ಕಿಡಿ ಹಾರಿ ಆಗಿದ್ದ ಸಣ್ಣ ಸಣ್ಣ ಕುಳಿಗಳಲ್ಲಿ ಬೆಳ್ಳಗೆ ಏನೋ ಗಟ್ಟಿ ಕೂತಿತ್ತು. ಉಗುರಿನಿಂದ ಕೆರೆದಳು. ಮೂಸಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು; ಅವಳಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು.

"ಏನದು?" ಎಂದರು ಸಾವಕಾರರು.

"ಪಾಯಿಂಟಿನ್ಯಾಗ ಹೊಲಸು ಕೂತು ಕರೆಂಟಿಗೆ ಅಡ್ಡ ಬಂದದರಿ. ನಂದ ತಪ್ಪು."

ನನ್ನ ಹೆಸರು ಅವಳ ಬಾಯಿಂದ ಬರಲಿಲ್ಲ. ನಾನು ಕುರ್ಚಿಯಿಂದ ಎದ್ದೆ.

"ಆಕಿ ತಪ್ಪಲ್ಲರಿ ಸಾವಕಾರ್ರ. ಅದು ವಿಭೂತಿ. ಮನ್ಯಾಗಿನ ಬೆಳ್ಳಿ ತಿಕ್ಕಿದಂಗ ನಾನೇ ತಿಕ್ಕೀನಿ. ಆಕಿ ಕೇಳಿದ್ರ ಅರಿವಿಲೆ ಒರಸೀನಿ ಅಂತ ಸುಳ್ಳ ಹೇಳೀನಿ."

ಸಾವಕಾರರ ಕೈ ತನ್ನಷ್ಟಕ್ಕೆ ತಮ್ಮ ಹಣೆಗೆ ಹೋಯಿತು. ನಗುತ್ತಾರೆಂದುಕೊಂಡೆ, ನಗಲಿಲ್ಲ. ಅವಳ ಕಡೆ ತಿರುಗಿದರು.

"ಕಾಕೂನ ಕೆಲಸ ಅಂತ ನಿಂಗ ತಿಳೀತಲ್ಲ, ಮತ್ಯಾಕ ನಂದು ಅಂದಿ?"

"ನನ್ನ ಕಟ್ಟಿ ಮ್ಯಾಲಿಂದ ಹೋದ ಸಾಮಾನರಿ. ಯಾರ ಕೈ ಹತ್ತಿದ್ರೂ, ನೋಡಿ ಕಳಸೋದು ನಂದ ಕೆಲಸ. ಗಾಡಿ ಅವಸರ ಮಾಡ್ತಂತ ನಾ ನೋಡ್ಲಿಲ್ಲ."

ಅವರು ಒಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ಜಾಗ ಕೊಟ್ಟರು. ಅವಳು ಚೀಲದಿಂದ ಹೊಸ ಪಾಯಿಂಟುಗಳನ್ನು ತೆಗೆದು ಕೂರಿಸಿದಳು. ಪಟ್ಟಿ ಸರಿಯಾಗಿ ಹಿಂದೆ ಮುಂದೆ ಆಡುತ್ತದೆಯೇ ಎಂದು ಬೆರಳಿಂದ ಮೂರು ಸಲ ಒತ್ತಿ ನೋಡಿದಳು. ಮೇನ್ ಹಾಕಿ ಬಟನ್ ಒತ್ತಿದಾಗ ಖಟ್ಟೆಂದು ಒಂದೇ ಸದ್ದು. ಮೋಟಾರು ಮೊದಲು ಗೊಣಗಿ, ಆಮೇಲೆ ಸರಾಗವಾಯಿತು. ತೊಗರಿ ಮೇಲಿಂದ ಇಳಿಯತೊಡಗಿತು. ಅವಳು ಮೂರೂ ತಂತಿಗಳಿಗೆ ಒಂದೊಂದಾಗಿ ಮೀಟರು ಕಚ್ಚಿಸಿ ಸಾವಕಾರರಿಗೆ ತೋರಿಸಿದಳು. ಮೂರರಲ್ಲೂ ಕರೆಂಟು ಸಮ. ಅರ್ಧ ಗಂಟೆ ಕಳೆಯಿತು. ಒಂದು ಗಂಟೆಯಾಯಿತು. ನಾನು ಶಿವ ಶಿವ ಎನ್ನುತ್ತಲೇ ಇದ್ದೆ, ನಡುನಡುವೆ ಪ್ಲೀಸ್ ಪ್ಲೀಸ್ ಎಂದೂ.

ಕೊನೆಗೆ ಸಾವಕಾರರು ತಂತಿಯ ಮೇಲೆ ಕೈಯಿಟ್ಟು ನೋಡಿದರು. ಇಟ್ಟ ಕೈ ತೆಗೆಯಲಿಲ್ಲ.

"ಉಳದ ನಾಕೂ ಬಿಚ್ಚಿ ನೋಡು ತಾಯಿ. ಇವತ್ತಿಂದ ಇವು ನಿನ್ನವು. ಬರೇ, ಕಾಕೂನ ಕೈಗಿ ಮಾತ್ರ ಕೊಡಬ್ಯಾಡ."

ಆಳುಗಳೆಲ್ಲ ನಕ್ಕರು. ಸಾವಕಾರರೂ ಆಗ ನಕ್ಕರು. ಇನ್ನೊಂದು ಕುರ್ಚಿ ಬಂತು, ಆದರೆ ಅವಳಿಗೆ ಕೂರಲು ಪುರುಸೊತ್ತಿರಲಿಲ್ಲ. ಎರಡನೆಯ ಸ್ಟಾರ್ಟರಿನ ಮುಚ್ಚಳ ಆಗಲೇ ತೆಗೆದಿದ್ದಳು. ನನ್ನ ಮೇಲೆ ಸಿಟ್ಟಿತ್ತೋ ಇಲ್ಲವೋ ಕೇಳುವ ಧೈರ್ಯ ನನಗಿರಲಿಲ್ಲ. ಕ್ಷಮಿಸು ಎಂದು ಮೆಲ್ಲಗೆ ಹೇಳಿದೆ. ಅವಳು ಚೀಲದಿಂದ ನೋಟುಬುಕ್ಕು ಪೆನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು.

"ನಿನ್ನ ಅಕ್ಷರ ಚೆಂದ ಅವ. ನಾ ಹೇಳ್ತೀನಿ, ನೀ ಬರಿ. ಎಲ್ಡನೇದು, ಮೂರೂ ಪಾಯಿಂಟ್ ಕರ್ರಗ. ಚಲೋ ಅವ, ಹಂಗೇ ಬಿಡೋದು."

ಕನ್ನಡಕ ಸರಿಮಾಡಿಕೊಂಡು ನಾನು ಬರೆದೆ. ಅವಳು ಮೂರನೆಯದರ ಸ್ಕ್ರೂ ತಿರುವುತ್ತಿದ್ದಳು.