ಟೈಲರಮ್ಮನ ಸೊಟ್ಟ ಸಾಲು

ಟೈಲರಮ್ಮನಿಗೆ ಸೊಟ್ಟಗಿರುವುದು ಯಾವುದೂ ಆಗಿಬರುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದ್ದರೂ ಊಟ ಬಿಟ್ಟು ಎದ್ದುಹೋಗಿ ಸರಿಮಾಡಿ ಬರುವಳು. ಅರ್ಧ ಊರಿನ ಮಕ್ಕಳ ಶಾಲೆಯ ಬಟ್ಟೆ ಹೊಲಿದ ಕೈ ಅದು. ಹೊಲಿಗೆ ಒಂಚೂರು ದಾರಿ ತಪ್ಪಿತೋ, ಇಡೀ ತೋಳನ್ನೇ ಬಿಚ್ಚಿ ಮತ್ತೆ ಕೂಡಿಸಬೇಕು. ಗಿರಾಕಿ ಬಾಗಿಲಲ್ಲಿ ನಿಂತು "ಪರವಾಗಿಲ್ಲ ಕೊಡಮ್ಮ, ಯಾರಿಗೂ ಕಾಣಲ್ಲ" ಎಂದು ಗೋಗರೆದರೂ ಸೊಪ್ಪು ಹಾಕುತ್ತಿರಲಿಲ್ಲ.

"ನಂಗೆ ಕಾಣುತ್ತಲ್ಲ!" ಎಂದು ಗದರುವಳು.

ಹಿತ್ತಲಿನ ತೋಟದಲ್ಲೂ ಅದೇ ಕಾನೂನು. ಮನೆಯಷ್ಟೇ ಅಗಲದ ಒಂದು ತುಂಡು ನೆಲ. ಚಳಿ ಕಳೆದು ಮಣ್ಣು ಬೆಚ್ಚಗಾದ ಕೂಡಲೇ ಎರಡು ಗೂಟ ಹೊಡೆದು, ನಡುವೆ ದಪ್ಪ ದಾರ ಬಿಗಿದು, ಅದರ ಗುಂಟ ಬೀಜ ಊರುವಳು. ಮೊಳಕೆ ಎದ್ದರೆ ಗೆರೆ ಎಳೆದ ಹಾಗೆ. ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿ ಹೊಗಳಿದರೆ ಕೇಳಿಸಿಯೇ ಇಲ್ಲವೆಂಬಂತೆ ಬಗ್ಗಿ ಕಳೆ ಕೀಳುತ್ತಿದ್ದಳು. ಒಳಗೊಳಗೆ ಹಿಗ್ಗಿ ಹೀರೇಕಾಯಿ!

ಆ ನೆಲದಲ್ಲೇ ಒಂದು ದಿನ ಲಕ್ವ ಹೊಡೆದು ಬಿದ್ದಳು. ಕೆಲಸ ಮುಗಿಸಿ ಬಂದ ಮಗ ನೋಡುವಾಗ ಅವಳ ಮುಖ ಮಣ್ಣಿನಲ್ಲಿ ಹೂತಿತ್ತು. ಜೀವ ಉಳಿಯಿತು. ಕಾಲು ತಕ್ಕಮಟ್ಟಿಗೆ ಮಾತು ಕೇಳಿತು. ಬಲಗೈ ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ. ಮಗ ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿದ, ಗುದ್ದಲಿಯನ್ನು ಅಟ್ಟಕ್ಕೆ ಹಾಕಿದ. ಆಮೇಲೆ ಒಂದು ಲೋಡ್ ಕಲ್ಲುಚಪ್ಪಡಿ ತರಿಸಿ ಹಿತ್ತಲಿನ ಗೋಡೆಗೆ ಒರಗಿಸಿದ.

"ಚಳಿ ಮುಗೀಲಮ್ಮ, ಇಡೀ ಹಿತ್ತಲಿಗೆ ಹಾಸಿಬಿಡೋಣ. ನೀನು ಕುರ್ಚಿ ಹಾಕ್ಕೊಂಡು ಹಾಯಾಗಿ ಬಿಸಿಲಲ್ಲಿ ಕೂತ್ಕೋ."

"ಬಿಸಿಲಲ್ಲಿ ಕೂರೋಕೆ ನಾನೇನು ಒಣಗೋಕೆ ಹಾಕಿದ ಬಟ್ಟೆನಾ?" ಎಂದಳು ಟೈಲರಮ್ಮ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇವಳೂ ಬಿಡುವ ಪೈಕಿಯಲ್ಲ. ಚಳಿ ಹಿಂದೆ ಸರಿಯುತ್ತಿದ್ದಂತೆ, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೊರಟ ಮೇಲೆ, ಹೊಲಿಗೆಯ ಸ್ಟೂಲನ್ನು ಎಳೆದುಕೊಂಡು ಹಿತ್ತಲಿಗೆ ಇಳಿದಳು. ಮೊದಲು ದಾರ ಕಟ್ಟಬೇಕಲ್ಲ! ಒಂದೇ ಕೈಯಲ್ಲಿ ಗಂಟು ಬೀಳುತ್ತದೆಯೇ? ಹಲ್ಲಲ್ಲಿ ಕಚ್ಚಿದಳು, ಗೂಟವನ್ನು ಕಾಲಲ್ಲಿ ಒತ್ತಿಹಿಡಿದಳು. ದಾರ ಜಾರಿ ಜಾರಿ ಬಿತ್ತು. ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು. "ಹಾಳಾಗ್ಹೋಗು!" ಎಂದು ದಾರವನ್ನು ಮೂಲೆಗೆ ಬಿಸಾಡಿ, ಊರುಗೋಲಿನ ತುದಿಯಿಂದ ಮಣ್ಣಿನಲ್ಲಿ ಕುಳಿ ಒತ್ತುತ್ತಾ ಎಡಗೈಯಿಂದ ಬೀನ್ಸ್ ಬೀಜ ಹಾಕುತ್ತಾ ಹೋದಳು. ರೂಢಿಯಿಲ್ಲದ ಆ ಕೈ ಗುರಿ ತಪ್ಪುತ್ತಿತ್ತು. ಒಂದು ಕುಳಿಗೆ ಮೂರು ಬೀಜ ಬಿದ್ದರೆ ಇನ್ನೊಂದಕ್ಕೆ ಒಂದೂ ಇಲ್ಲ. ಸಂಜೆ ಸೊಸೆ ಬರುವಷ್ಟರಲ್ಲಿ ಕೈಕಾಲು ತೊಳೆದು, ಶಾಲು ಹೊದ್ದು, ಏನೂ ಅರಿಯದವಳಂತೆ ಕಿಟಕಿಯ ಬಳಿ ಕೂತಿದ್ದಳು.

ಹೀಗೆ ಎಲ್ಲರ ಕಣ್ಣಿಗೆ ಮಣ್ಣೆರಚಿ ಬಿತ್ತಿದ್ದು ಒಂದು ರಜೆಯ ದಿನ ಬೆಳಿಗ್ಗೆ ಮೇಲೆದ್ದು ಕೂತಿತ್ತು. ಹಿತ್ತಲ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು. ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತುಕೊಂಡೇ ಮೊಳಕೆಗಳು ಬೆನ್ನು ನೆಟ್ಟಗೆ ಮಾಡಲು ಹೆಣಗುತ್ತಿದ್ದವು. ಅಬ್ಬಾ, ಎಷ್ಟು ಸಂತೋಷವಾಯಿತು! ಮರುಗಳಿಗೆಯೇ ಸಾಲು ಕಣ್ಣಿಗೆ ಬಿತ್ತು, ಮೈ ಉರಿದುಹೋಯಿತು. ಸಾಲೇ ಅದು? ಗೋಡೆಯಿಂದ ಹೊರಟು, ನಡುವೆ ಹೊಟ್ಟೆ ಬಿಟ್ಟು, ನಲ್ಲಿಯ ಕಡೆಗೆ ತಿರುಗಿ, ಏನೋ ಮರೆತವರ ಹಾಗೆ ವಾಪಸ್ಸು ಬಂದಿತ್ತು. ಕುಡಿದವನೂ ಇದಕ್ಕಿಂತ ನೆಟ್ಟಗೆ ಬಿತ್ತುತ್ತಿದ್ದ.

ಬೇಲಿಯಾಚೆಯವರು ನೋಡುವ ಮೊದಲೇ ಕಿತ್ತು ಹಾಕಬೇಕು. ಬಗ್ಗಿ ಮೊದಲನೆಯದನ್ನು ಎಡಗೈಯಲ್ಲಿ ಹಿಡಿದೂಬಿಟ್ಟಳು. ತೋಳನ್ನು ಬಿಚ್ಚಿದರೆ ಮತ್ತೆ ಹೊಲಿಯಬಹುದು, ಇದನ್ನು ಕಿತ್ತರೆ ಕಿತ್ತಂತೆಯೇ. ಕೈ ಮುಂದುವರಿಯಲಿಲ್ಲ.

ಅಷ್ಟರಲ್ಲಿ ಮಗ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಬಂದ. ಹಿತ್ತಲು ನೋಡಿದವನೇ ಹೆಂಡತಿಯನ್ನು ಕೂಗಿದ.

"ಏನೇ ಇದು? ಬೇಡ ಬೇಡ ಅಂದ್ರೂ ಬಿತ್ತಿದ್ದೀಯಲ್ಲ! ಅದೂ ಈ ಚೆಂದಕ್ಕೆ!"

"ನಾನಾ?" ಎಂದಳು ಸೊಸೆ.

"ಮತ್ತೆ ಇನ್ಯಾರು? ಅಮ್ಮ ಹಾಕಿದ್ರೆ ಇಷ್ಟು ಸೊಟ್ಟ ಇರ್ತಿತ್ತಾ?"

ಸೊಸೆ ಅತ್ತೆಯ ಮುಖ ನೋಡಿದಳು. ಟೈಲರಮ್ಮ ಸುಮ್ಮನಿದ್ದಿದ್ದರೆ ಇಷ್ಟು ವರ್ಷ ಕಾಪಾಡಿದ ಹೆಸರು ಹಾಗೇ ಉಳಿಯುತ್ತಿತ್ತು. ತೋಟ ಮಾತ್ರ ಕಲ್ಲಿನಡಿ ಹೋಗುತ್ತಿತ್ತು. ಅವಳು ಊರುಗೋಲನ್ನು ನೆಲಕ್ಕೆ ಕುಟ್ಟಿದಳು.

"ನಾನೇ ಕಣೋ. ಸೊಟ್ಟ ಬಿತ್ತಿದವಳು ನಾನೇ. ಅವಳನ್ನ ಯಾಕೆ ಬೈತೀಯ?"

"ನಂಗೆ ಗೊತ್ತಿತ್ತು" ಎಂದಳು ಸೊಸೆ ಮೆಲ್ಲಗೆ. "ಅತ್ತೆ ಉಗುರು ತೆಗೆಯೋದು ನಾನೇ ಅಲ್ವಾ? ಒಳಗೆಲ್ಲ ಮಣ್ಣು."

ಮಗ ಅಮ್ಮನ ಕಡೆ ತಿರುಗಿದ. "ಅವತ್ತು ನಿನ್ನ ಬಾಯಲ್ಲಿ ಮಣ್ಣಿತ್ತಮ್ಮ. ಬೆರಳು ಹಾಕಿ ತೆಗೆದೋನು ನಾನು. ಇನ್ನೊಂದ್ಸಲ ಅದನ್ನ ನೋಡೋ ಶಕ್ತಿ ನಂಗಿಲ್ಲ."

ಟೈಲರಮ್ಮ ಅವನ ಹತ್ತಿರ ಬಂದು, ಎಡಗೈಯನ್ನು ಅವನ ತೋಳಿನ ಮೇಲಿಟ್ಟಳು.

"ಅಡುಗೆಮನೇಲಿ ಬಿದ್ದಿದ್ರೆ ಅದಕ್ಕೆ ಬೀಗ ಹಾಕ್ತಿದ್ಯಾ? ಹೆದರಿಕೆ ನಿಂದಪ್ಪ, ಒಪ್ಕೊಂಡೆ. ನೆಲ ನಂದು. ಕುರ್ಚಿ ಮೇಲೆ ಕೂತು ಸಾಯೋಕೆ ನಾನು ಬದುಕಿ ಬರಲಿಲ್ಲ. ಅಷ್ಟು ಭಯ ಇದ್ರೆ ಕಾಲು ಜಾರದ ಹಾಗೆ ಸಾಲಿನ ಪಕ್ಕ ಒಂದು ದಾರಿ ಮಾಡ್ಕೊಡು, ಕಲ್ಲಂತೂ ತಂದಿದ್ದೀಯ."

ಮಗ ಅಂಗಿಯ ತೋಳು ಮಡಚಿ, ಗೋಡೆಯಿಂದ ಒಂದು ಚಪ್ಪಡಿ ಎತ್ತಿಕೊಂಡು ಬಂದು ಮೊದಲ ಮೊಳಕೆಯ ಪಕ್ಕ ಇಟ್ಟ. ಮೇಸ್ತ್ರಿ ರೂಢಿಯಂತೆ ಚೀಲದಿಂದ ದಾರದ ಉಂಡೆ ತೆಗೆದು, ಗೋಡೆಯಿಂದ ಬೇಲಿಗೆ ನೇರವಾಗಿ ಎಳೆದ. ದಾರ ಸರಿಯಾಗಿ ನಾಲ್ಕಾರು ಮೊಳಕೆಗಳ ತಲೆಯ ಮೇಲೇ ಹಾದುಹೋಯಿತು.

"ದಾರ ಸುತ್ತಿಡಪ್ಪ" ಎಂದಳು ಟೈಲರಮ್ಮ. "ಸಾಲು ಹೋದ ಹಾಗೆ ಕಲ್ಲು ಹೋಗ್ಲಿ."

ಮೇಸ್ತ್ರಿ ತಲೆ ಕೆರೆದುಕೊಂಡ. "ಇಷ್ಟು ಸೊಟ್ಟ ಹಾಕಿದ್ರೆ ನನ್ನ ಹೆಸರು ಕೆಡುತ್ತಲ್ಲಮ್ಮ. ನೋಡಿದೋರು ಏನಂತಾರೆ?"

"ನಂದು ಕೆಟ್ಟಾಯ್ತು" ಎಂದು ಟೈಲರಮ್ಮ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡಳು. "ನಿಂದೂ ಕೆಡ್ಲಿ ಬಿಡು."